ಎಲ್ಲರೂ ಬೋರ್ ಕೊರೆಸುವಾಗ ನಾನೊಬ್ಬ ಸುಮ್ಮನಿದ್ದರೆ ಏನು ಸಿಕ್ಕೀತು?

ಪ್ರಶ್ನೆ: ನಮ್ಮದು ಕೋಲಾರ ಜಿಲ್ಲೆಯ ಸಣ್ಣ ಊರು. ನನಗೆ ನಾಲ್ಕು ಎಕರೆ ಜಮೀನಿದೆ. ಎರಡು ಬೋರ್‌ಗಳಲ್ಲಿ ಒಂದು ಬತ್ತಿದೆ. 900 ಅಡಿಯ ಇನ್ನೊಂದು ಬೇಸಿಗೆಯಲ್ಲಿ ಬಿಟ್ಟು ಬಿಟ್ಟು ನೀರು ಎತ್ತುತ್ತದೆ. ಪಕ್ಕದ ಹೊಲದವರು 1,300 ಅಡಿ ಕೊರೆಸಿದ ಮೇಲೆ ನನ್ನದು ಇನ್ನೂ ಕಡಿಮೆಯಾಯಿತು. ಹೊಸ ಬೋರ್ ನಿಲ್ಲಿಸೋಣ, ನೀರು ಜಾಸ್ತಿ ಬೇಡುವ ಬೆಳೆ ಕಡಿಮೆ ಮಾಡೋಣ ಎಂದು ಊರಲ್ಲಿ ಹೇಳಿದೆ. ನಕ್ಕರು. ‘ನೀನು ಬಿಟ್ಟ ನೀರನ್ನು ಪಕ್ಕದವನು ಎತ್ತುತ್ತಾನೆ, ನಿನಗೇನು ಬಂತು’ ಎಂದರು. ಅದೂ ನಿಜವೇ ಅಲ್ವಾ? ಸಾಲ ಮಾಡಿ ನಾನೂ 1,400 ಅಡಿಗೆ ಹೋಗಲೇ? ಮನುಷ್ಯ ಸ್ವಾರ್ಥಿ ಎಂದ ಮೇಲೆ ಊರು ಒಟ್ಟಾಗುವುದು ಆಗದ ಮಾತೇ?

ಉತ್ತರ: ಮೊದಲು ಸಾಲದ ವಿಷಯ ಮುಗಿಸೋಣ. 1,400 ಅಡಿಯ ಬೋರ್ ಬೇಡ. ಊರಿನ ಹಿತಕ್ಕೆ ಅಂತ ಹೇಳುತ್ತಿಲ್ಲ, ನಿಮ್ಮ ಜೇಬಿನ ಹಿತಕ್ಕೇ ಹೇಳುತ್ತಿದ್ದೇನೆ.

ನಿಮ್ಮ ಕಡೆ ನೆಲದಡಿ ಇರುವುದು ಗ್ರಾನೈಟ್, ನೈಸ್ ಜಾತಿಯ ಗಟ್ಟಿ ಬಂಡೆ. ಮಳೆ ನೀರು ಇಂಗಿ ನಿಲ್ಲುವುದು ಮುಖ್ಯವಾಗಿ ಮೇಲಿನ ಸಡಿಲ ಪದರದಲ್ಲಿ, ಬಂಡೆ ಸವೆದು ಜಲ್ಲಿ ಮಣ್ಣಾದ ಕಡೆ. ಅದರ ಕೆಳಗೆ ನೀರಿದ್ದರೆ ಬಿರುಕುಗಳಲ್ಲಿ ಮಾತ್ರ. ಬಿರುಕು ನೀರು ಹರಿಯುವ ದಾರಿ. ಕೂಡಿಡಲು ಅಲ್ಲಿ ಜಾಗ ಕಡಿಮೆ. ಆಳಕ್ಕೆ ಹೋದಂತೆ ಬಿರುಕುಗಳೂ ಕಡಿಮೆಯಾಗುತ್ತವೆ. ಪಕ್ಕದವರಿಗೆ 1,300 ಅಡಿಯಲ್ಲಿ ನೀರು ಬಿದ್ದಿತು, ನಿಮ್ಮದು ಇಳಿಯಿತು ಎಂದರೆ ಎರಡೂ ಬೋರ್ ಒಂದೇ ಬಿರುಕಿನ ಜಾಲಕ್ಕೆ ಸೇರಿರುವ ಸಾಧ್ಯತೆ ಜಾಸ್ತಿ. ನೀವು 1,400ಕ್ಕೆ ಹೋದರೆ ಅದೇ ನೀರನ್ನು ನೂರು ಅಡಿ ಕೆಳಗಿನಿಂದ ಎಳೆಯುತ್ತೀರಿ. ಆಮೇಲೆ ಅವರು 1,500ಕ್ಕೆ ಹೋಗುತ್ತಾರೆ. ಕೇಸಿಂಗ್, ಹೆಚ್ಚು ಸ್ಟೇಜಿನ ಮೋಟಾರ್, ಅಷ್ಟುದ್ದದ ಕೇಬಲ್, ಕಾಲಂ ಪೈಪ್ ಎಲ್ಲಾ ಲೆಕ್ಕ ಹಾಕಿ ನೋಡಿ. ಇಬ್ಬರ ದುಡ್ಡೂ ರಿಗ್ ಗಾಡಿಯವರ ಕೈಗೆ ಹೋಗುತ್ತದೆ, ನೀರು ಮಾತ್ರ ಮೊದಲಿನಷ್ಟೇ. ಆಳದ ನೀರಲ್ಲಿ ಫ್ಲೋರೈಡ್ ಕಾಟ ಬೇರೆ. ಕುಡಿಯುವ ನೀರಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ನಿಮ್ಮ ಜಿಲ್ಲೆಯ ಎಷ್ಟೋ ಬೋರ್‌ಗಳಲ್ಲಿ ದಾಟಿದೆ.

ಇನ್ನು ಸ್ವಾರ್ಥದ ಪ್ರಶ್ನೆ. ಅದಕ್ಕೆ ಉತ್ತರ ಹೇಳುವ ಮುಂಚೆ ಒಂದು ಲೆಕ್ಕ ಮಾಡೋಣ. ಈ ಲೆಕ್ಕ ಗೊತ್ತಿಲ್ಲದೆ ಊರಲ್ಲಿ ಎಷ್ಟು ಭಾಷಣ ಮಾಡಿದರೂ ನಗುವವರೇ ಜಾಸ್ತಿ.

ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,047 ಲೀಟರ್. ನಿಮ್ಮ ಕಡೆ ವರ್ಷಕ್ಕೆ 700 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಎಕರೆಗೆ 28 ಲಕ್ಷ ಲೀಟರ್ ಆಯಿತು. ಕೇಳಲು ಬಹಳ ಎನಿಸುತ್ತದೆ. ಆದರೆ ಹೆಚ್ಚಿನ ಪಾಲು ಆವಿಯಾಗಿ, ಬೆಳೆ-ಗಿಡ ಕುಡಿದು, ಹರಿದು ಹೋಗುತ್ತದೆ. ಇಂಥ ಗಟ್ಟಿ ಬಂಡೆಯ ನೆಲದಲ್ಲಿ ಕೆಳಕ್ಕೆ ಇಳಿಯುವುದು ನೂರಕ್ಕೆ ಎಂಟು, ಹತ್ತು ಪಾಲು. ಹತ್ತೇ ಎಂದುಕೊಳ್ಳೋಣ. ಎಕರೆಗೆ 2.8 ಲಕ್ಷ ಲೀಟರ್. ಒಂದು ಎಕರೆ ಭತ್ತಕ್ಕೆ ಸುಮಾರು 1,200 ಮಿಲಿಮೀಟರ್ ನೀರು ಬೇಕು, ಅಂದರೆ 48 ಲಕ್ಷ ಲೀಟರ್. ಹದಿನೇಳು ಎಕರೆಯಲ್ಲಿ ಇಡೀ ವರ್ಷ ಇಂಗಿದ ನೀರನ್ನು ಒಂದು ಎಕರೆ ಭತ್ತ ಒಂದು ಬೆಳೆಯಲ್ಲಿ ಮುಗಿಸುತ್ತದೆ. ಗದ್ದೆಯಿಂದ ಸ್ವಲ್ಪ ನೀರು ವಾಪಸ್ ಇಂಗುತ್ತದೆ, ಒಪ್ಪುತ್ತೇನೆ. ಅದನ್ನು ಕಳೆದರೂ ಚಿತ್ರ ಬದಲಾಗದು. ಟೊಮೇಟೊಗೆ 500 ಮಿಲಿಮೀಟರ್ ಹಿಡಿದರೆ ಏಳು ಎಕರೆಯ ನೀರು. ರಾಗಿಯನ್ನು ಮುಂಗಾರಿನಲ್ಲಿ ಬಿತ್ತಿದರೆ ಪಂಪಿನ ಸ್ವಿಚ್ಚನ್ನು ಮುಟ್ಟುವುದೇ ಬೇಡ.

ಅಂದರೆ ನಾಲ್ಕು ಎಕರೆಯವರು ಒಂದು ಎಕರೆ ಭತ್ತ ಹಾಕಿದರೆ ಹದಿಮೂರು ಎಕರೆಯ ನೀರನ್ನು ಬೇರೆಯವರ ಹೊಲದಡಿಯಿಂದ ತಂದಿದ್ದಾರೆ. ಕದ್ದಿಲ್ಲ, ಗಮನಿಸಿ. ಕಾನೂನು ಅವರ ಪರವೇ ಇದೆ. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ತನ್ನ ಜಮೀನಿನಡಿಯ ನೀರನ್ನು ಎತ್ತಿಕೊಳ್ಳುವ ಹಕ್ಕು ಜಮೀನಿನ ಮಾಲೀಕನದು. ಬಂಡೆಗೆ ಸರ್ವೆ ನಂಬರ್ ಗೊತ್ತಿಲ್ಲ, ಅಷ್ಟೇ.

ಈಗ ನಿಮ್ಮನ್ನು ನೋಡಿ ನಕ್ಕವರ ಮಾತಿಗೆ ಬರೋಣ. ಅವರು ಹೇಳಿದ್ದರಲ್ಲಿ ಲೆಕ್ಕ ತಪ್ಪಿಲ್ಲ. ನೀವೊಬ್ಬರೇ ಪಂಪ್ ನಿಲ್ಲಿಸಿದರೆ ಉಳಿದ ನೀರಿನಲ್ಲಿ ನಿಮಗೆ ಸಿಗುವ ಪಾಲು ತೀರಾ ಕಡಿಮೆ, ನಷ್ಟ ಪೂರ್ತಿ ನಿಮ್ಮದು. ಎಲ್ಲರೂ ಹೀಗೇ ಲೆಕ್ಕ ಹಾಕುತ್ತಾರೆ, ಎಲ್ಲರ ಬೋರೂ ಬತ್ತುತ್ತದೆ. ಅಮೆರಿಕದ ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಗೋಮಾಳದ ಉದಾಹರಣೆ ಕೊಟ್ಟು ಇದನ್ನೇ ಬರೆದರು. ಎಲ್ಲರಿಗೂ ಸೇರಿದ ಹುಲ್ಲುಗಾವಲಿಗೆ ಪ್ರತಿಯೊಬ್ಬನೂ ಇನ್ನೊಂದು ದನ ಬಿಡುತ್ತಾನೆ, ಕೊನೆಗೆ ಹುಲ್ಲೇ ಇರುವುದಿಲ್ಲ. ಒಂದೋ ಖಾಸಗಿಗೆ ಕೊಡಿ, ಇಲ್ಲ ಸರ್ಕಾರ ಹಿಡಿತಕ್ಕೆ ತೆಗೆದುಕೊಳ್ಳಲಿ ಎಂಬ ಕಡೆಗೆ ಅವರ ವಾದ ವಾಲಿತು. ಬಹಳ ಹೆಸರಾಯಿತು ಆ ಬರಹ. ನನ್ನ ಪ್ರಕಾರ ಅದು ಬಹಳ ಹಾಳನ್ನೂ ಮಾಡಿತು. ಜನ ಕೂತು ಮಾತಾಡುತ್ತಾರೆ ಎಂಬುದೇ ಅದರಲ್ಲಿ ಇಲ್ಲ. ಯಾರ ಕಣ್ಣಿಗೆ ಯಾರು ಬೀಳುತ್ತಾರೆ, ನಾಳೆ ಯಾರ ಮುಖ ನೋಡಬೇಕು ಎಂಬುದೂ ಇಲ್ಲ. ಅವರೇ ಆಮೇಲೆ ತಾವು ಹೇಳಿದ್ದು ನಿರ್ವಹಣೆ ಇಲ್ಲದ ಸಾಮೂಹಿಕ ಆಸ್ತಿಯ ಬಗ್ಗೆ ಎಂದು ತಿದ್ದಿಕೊಂಡರು. ಆ ತಿದ್ದುಪಡಿ ಮೊದಲಿನ ಬರಹದಷ್ಟು ದೂರ ಹೋಗಲಿಲ್ಲ.

ಮನುಷ್ಯ ಸ್ವಾರ್ಥಿಯೇ? ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಅರ್ನ್ಸ್ಟ್ ಫೆರ್ ಮತ್ತು ಸೈಮನ್ ಗೆಖ್ಟರ್ ಎಂಬ ಅರ್ಥಶಾಸ್ತ್ರಜ್ಞರು ದುಡ್ಡಿನ ಒಂದು ಆಟ ಆಡಿಸಿದರು. ಅದರ ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ನಾಲ್ಕು ಜನ, ಒಬ್ಬೊಬ್ಬರಿಗೆ 20 ಬಿಲ್ಲೆ. ಎಷ್ಟನ್ನು ಇಟ್ಟುಕೊಳ್ಳಬೇಕು, ಎಷ್ಟನ್ನು ನಡುವಿನ ಡಬ್ಬಿಗೆ ಹಾಕಬೇಕು ಎನ್ನುವುದು ಅವರವರ ಇಷ್ಟ. ಡಬ್ಬಿಗೆ ಬಿದ್ದ ಪ್ರತಿ ಬಿಲ್ಲೆಗೂ ನಾಲ್ವರಿಗೂ 0.4ರಂತೆ ಸಿಗುತ್ತದೆ, ಹಾಕಿದವರಿಗೂ ಹಾಕದವರಿಗೂ. ನಾಲ್ವರೂ ಪೂರ್ತಿ ಹಾಕಿದರೆ ತಲಾ 32. ಯಾರೂ ಹಾಕದಿದ್ದರೆ ತಲಾ 20. ಆದರೆ ಮೂವರು ಹಾಕಿ ಒಬ್ಬ ಕೈಕಟ್ಟಿ ಕೂತರೆ ಅವನಿಗೆ 44, ಹಾಕಿದ ಮೂವರಿಗೆ 24. ನಿಮ್ಮೂರಿನ ಬೋರ್ ಕಥೆ ಇದೇ.

ಏನಾಯಿತು ಗೊತ್ತಾ? ಮೊದಲ ಸುತ್ತಿನಲ್ಲಿ ಜನ ಸರಾಸರಿ ತಮ್ಮ ಬಿಲ್ಲೆಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟನ್ನು ಹಾಕಿದರು. ಹಾರ್ಡಿನ್ ಲೆಕ್ಕದ ಪ್ರಕಾರ ಸೊನ್ನೆ ಹಾಕಬೇಕಿತ್ತು. ಆದರೆ ಸುತ್ತು ಕಳೆದಂತೆ ಅದು ಇಳಿಯುತ್ತಾ ಹೋಗಿ, ಕೊನೆಗೆ ಬಹುತೇಕರು ಏನೂ ಹಾಕಲಿಲ್ಲ. ಆಮೇಲೆ ನಿಯಮ ಬದಲಿಸಿದರು. ಯಾರು ಎಷ್ಟು ಹಾಕಿದರು ಎಂದು ನೋಡಿ, ನಿಮ್ಮ ಕೈಯಿಂದ ಸ್ವಲ್ಪ ಖರ್ಚು ಮಾಡಿ, ಹಾಕದವನ ಬಿಲ್ಲೆ ಕಡಿಮೆ ಮಾಡಬಹುದು ಎಂದರು. ತಕ್ಷಣ ಡಬ್ಬಿ ತುಂಬತೊಡಗಿತು. ಅದೇ ಜನ, ಅದೇ ಬಿಲ್ಲೆ.

ಇದೇ ತಂಡದ ಇನ್ನೊಂದು ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಜನ ‘ಬೇರೆಯವರು ಹಾಕಿದರೆ ನಾನೂ ಹಾಕುತ್ತೇನೆ’ ಎನ್ನುವ ಸ್ವಭಾವದವರು ಎಂದು ಕಂಡಿತು. ಏನೇ ಆದರೂ ಹಾಕದವರು ಮೂರರಲ್ಲಿ ಒಂದು ಪಾಲಿನಷ್ಟು. ನಿಮ್ಮ ಊರಿನ ಹಿತ ನೋಡಿದರೆ ಈ ಅರ್ಧ ಜನ ಮುಖ್ಯ. ಇವರು ಸಂತರೂ ಅಲ್ಲ, ಕಳ್ಳರೂ ಅಲ್ಲ. ಮೋಸ ಹೋಗಲು ಇಷ್ಟವಿಲ್ಲದವರು. ನಿಮ್ಮನ್ನು ನೋಡಿ ನಕ್ಕವರಲ್ಲೂ ಇವರೇ ಜಾಸ್ತಿ ಇರುತ್ತಾರೆ. ‘ನಾನು ಬಿಡಲ್ಲ’ ಎನ್ನುವವನ ಬಾಯಲ್ಲಿ ಬಹಳ ಸಲ ‘ನಾನು ಬಿಟ್ಟು, ಅವನು ಬಿಡದಿದ್ದರೆ?’ ಎಂಬ ಭಯ ಇರುತ್ತದೆ.

ಸರಿ, ಜೂರಿಕ್ ಬಿಡಿ. ನಿಮ್ಮೂರಲ್ಲಿ ಹಾಲಿನ ಡೇರಿ ಇದೆ ಅಲ್ವಾ? ಬೆಳಿಗ್ಗೆ, ಸಂಜೆ ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬೀಳುತ್ತದೆ. ಒಂದು ಲೋಟ ನೀರು ಬೆರೆಸಿದರೆ ಲಾಭ ನಿಮಗೆ, ನಷ್ಟ ಎಲ್ಲರಿಗೂ. ಹಾರ್ಡಿನ್ ಲೆಕ್ಕದಲ್ಲಿ ನಿಮ್ಮೂರಿನ ಡೇರಿ ಮೊದಲ ವಾರವೇ ಮುಚ್ಚಬೇಕಿತ್ತು. ಮುಚ್ಚಿಲ್ಲ. ಯಾಕೆಂದರೆ ಕ್ಯಾನಿಗೆ ಸುರಿಯುವ ಮುಂಚೆ ಪ್ರತಿಯೊಬ್ಬರ ಹಾಲನ್ನೂ ಸರತಿಯಲ್ಲಿ ನಿಂತ ಎಲ್ಲರ ಎದುರೇ ಅಳೆಯುತ್ತಾರೆ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು ಎಂದು ಬರೆಯುತ್ತಾರೆ, ಅದರ ಮೇಲೆ ದುಡ್ಡು. ಲ್ಯಾಕ್ಟೋಮೀಟರಿನಲ್ಲಿ ಡಿಗ್ರಿ ಕಡಿಮೆ ಬಂದರೆ ಹಾಲು ವಾಪಸ್. ಹಾಲು ಹಾಕುವ ಹೆಂಗಸರಿಗೆ ಯಾರ ಮನೆ ಹಸು ಎಷ್ಟು ಕೊಡುತ್ತದೆ ಎಂಬುದು ಬಾಯಿಪಾಠ. ಹಾಲಿನಲ್ಲಿ ನೆಟ್ಟಗಿರುವ ಅದೇ ಜನ ನೀರಿನಲ್ಲಿ ಪೈಪೋಟಿಗೆ ಬೀಳುತ್ತಾರೆ. ಅವರ ಗುಣ ಬದಲಾಗಿಲ್ಲ. ಹಾಲಿಗೆ ಅಳತೆ ಇದೆ, ಬೋರ್ ನೀರಿಗೆ ಇಲ್ಲ. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಎಷ್ಟು ಓಡಿಸಿದರೂ ಬಿಲ್ ಬರದ ಕಡೆ ಯಾರು ಎಷ್ಟು ಎತ್ತಿದರು ಎಂದು ಎತ್ತಿದವನಿಗೂ ಗೊತ್ತಿರುವುದಿಲ್ಲ. ಉಚಿತ ಕರೆಂಟ್ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ, ಅದರ ರಾಜಕೀಯ ಬೇರೆ. ಅಳತೆ ಇಲ್ಲದಿರುವುದು ದೊಡ್ಡ ತೊಂದರೆ ಎನ್ನುತ್ತಿದ್ದೇನೆ.

ನಿಮ್ಮ ಜಿಲ್ಲೆಗೆ ಇದು ಹೊಸದೂ ಅಲ್ಲ. ಬೋರ್ ಬರುವ ಮುಂಚೆ ಊರಿನ ನೀರು ಎಂದರೆ ಕೆರೆ. ತೂಬು ಎತ್ತುವ ಅಧಿಕಾರ ನೀರಗಂಟಿಗೆ ಮಾತ್ರ. ಯಾವ ಗದ್ದೆಗೆ ಯಾವ ದಿನ, ಎಷ್ಟು ಹೊತ್ತು ಎಂದು ಅವನೇ ಮಡಿ ಮಡಿಗೆ ನೀರು ತಿರುಗಿಸುತ್ತಿದ್ದ. ಅವನ ಕೂಲಿ ಅಚ್ಚುಕಟ್ಟಿನ ರೈತರು ಕಣದಲ್ಲಿ ಕೊಡುವ ಕಾಳು. ಹಾಗಾಗಿ ಎಲ್ಲರ ಗದ್ದೆಯೂ ತುಂಬಿದರೇ ಅವನಿಗೂ ಲಾಭ.

ಕೆರೆ ಅರ್ಧವೇ ತುಂಬಿದ ವರ್ಷ ಏನು ಮಾಡುತ್ತಿದ್ದರು ಎನ್ನುವುದನ್ನು ಹಳಬರನ್ನು ಕೇಳಿ ನೋಡಿ. ದಾಮಾಷಾ ಎನ್ನುತ್ತಾರೆ. ನೀರು ಇಡೀ ಅಚ್ಚುಕಟ್ಟಿಗೆ ಸಾಲದು ಎಂದು ಊರು ಒಪ್ಪಿದರೆ ತೂಬಿನ ಹತ್ತಿರದ ಭಾಗವನ್ನು ಮಾತ್ರ ಬೆಳೆಯುವುದು. ಆದರೆ ಬೆಳೆಯುವವರು ಆ ಭಾಗದ ಮಾಲೀಕರು ಮಾತ್ರ ಅಲ್ಲ. ಆ ವರ್ಷದ ಮಟ್ಟಿಗೆ ಆ ಜಾಗವನ್ನೇ ಎಲ್ಲ ಅಚ್ಚುಕಟ್ಟುದಾರರಿಗೂ ಅವರವರ ಹಿಡುವಳಿಗೆ ತಕ್ಕಂತೆ ಹಂಚುವುದು. ಕೊನೆಯ ಗದ್ದೆಯವನು ಆ ವರ್ಷ ಬೇರೆಯವರ ನೆಲದಲ್ಲಿ ನಾಟಿ ಮಾಡುತ್ತಾನೆ. ತೂಬಿನ ಪಕ್ಕದವನು ತನ್ನ ಗದ್ದೆಯ ಒಂದು ಪಾಲನ್ನು ಬಿಟ್ಟುಕೊಡುತ್ತಾನೆ. ಸುಮ್ನೆ ಯೋಚನೆ ಮಾಡಿ, ಇದು ಎಷ್ಟು ಜಾಣ ಏರ್ಪಾಡು! ತಲೆಕಡೆಯವನು ‘ನನ್ನ ಗದ್ದೆ ಮುಂದೆಯೇ ಹರಿಯುತ್ತೆ, ನಾನು ತಿರುಗಿಸಿಕೊಂಡರೆ ಯಾರು ಕೇಳ್ತಾರೆ’ ಎನ್ನುವ ಹಾಗಿಲ್ಲ, ಕೊನೆಯವನ ಪೈರು ಅವನ ಪಕ್ಕದಲ್ಲೇ ನಿಂತಿರುತ್ತದೆ. ನಾಲೆ ಗಿಡ್ಡವಾಗುವುದರಿಂದ ಸೋರಿಕೆ ಕಡಿಮೆ. ಕಾಯಲು ಒಬ್ಬ ನೀರಗಂಟಿ ಸಾಕು.

ಇದನ್ನು ಬಣ್ಣ ಹಚ್ಚಿ ಹೇಳಬಾರದು ಎಂಬುದು ನನಗೂ ಗೊತ್ತು. ನೀರಗಂಟಿ ಹೆಚ್ಚಿನ ಊರುಗಳಲ್ಲಿ ದಲಿತ ಕುಟುಂಬದವನು, ಕೆಲಸ ವಂಶಪಾರಂಪರ್ಯ. ತೀರ್ಮಾನ ಮಾಡುವ ಕಟ್ಟೆಯ ಮೇಲೆ ಅವನಿಗೆ ಜಾಗ ಇರಲಿಲ್ಲ. ಜಮೀನಿಲ್ಲದವರಿಗೂ ಹೆಂಗಸರಿಗೂ ಮಾತಿರಲಿಲ್ಲ. ಕೆಲವು ಊರುಗಳ ಒಗ್ಗಟ್ಟು ಅಂದರೆ ಗೌಡರ ಹೆದರಿಕೆ. ಅದು ವಾಪಸ್ ಬರಬೇಕೆಂದು ಯಾರೂ ಕೇಳಬೇಕಾಗಿಲ್ಲ. ಕೊರತೆಯನ್ನು ಪಾಲು ಹಾಕಿಕೊಳ್ಳುವ ಲೆಕ್ಕ ಮಾತ್ರ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಬೋರ್ ಬಂದ ಮೇಲೆ ಮೊದಲು ಹೋದದ್ದೂ ಅದೇ. ಅನುಕೂಲಸ್ಥರು ಸ್ವಂತ ನೀರು ಮಾಡಿಕೊಂಡರು, ಕೆರೆಯ ಹೂಳು, ರಾಜಕಾಲುವೆ, ಕೋಡಿ ಯಾರಿಗೂ ಬೇಡವಾಯಿತು.

ಇನ್ನೊಂದು ಉದಾಹರಣೆ ದೂರದ್ದು. ಆದರೆ ನಿಮ್ಮ ಸಮಸ್ಯೆಗೆ ಅದೇ ಹತ್ತಿರ. ಅಮೆರಿಕದ ಲಾಸ್ ಏಂಜಲೀಸ್ ಕಡಲ ಪಕ್ಕ ವೆಸ್ಟ್ ಬೇಸಿನ್ ಎಂಬ ಅಂತರ್ಜಲದ ಪ್ರದೇಶ ಇದೆ. ಕಳೆದ ಶತಮಾನದ ಮೊದಲರ್ಧದಲ್ಲಿ ಪಟ್ಟಣಗಳು, ನೀರಿನ ಕಂಪನಿಗಳು, ಕಾರ್ಖಾನೆಗಳು ಅಲ್ಲಿ ಪೈಪೋಟಿಯಲ್ಲಿ ಪಂಪ್ ಮಾಡಿದವು. ನೀರಿನ ಮಟ್ಟ ಸಮುದ್ರಕ್ಕಿಂತ ಕೆಳಗಿಳಿದು ಉಪ್ಪು ನೀರು ಒಳನುಗ್ಗಿತು. 1945ರಲ್ಲಿ ಕೋರ್ಟಿಗೆ ಹೋದರು. ಕೇಸಿನಲ್ಲಿ ನೂರಾರು ಪಂಪುದಾರರು. ತೀರ್ಪಿಗೆ ಕಾಯುತ್ತಾ ಕೂತಿದ್ದರೆ ಬಾವಿಗಳು ಉಪ್ಪಾಗುತ್ತಿದ್ದವು. ಅದಕ್ಕೆ ಅವರು ತಾವೇ ಒಂದು ಕರಾರು ಬರೆದರು. ಎಲ್ಲರೂ ಇಷ್ಟಿಷ್ಟು ಕಡಿಮೆ ಮಾಡುವುದು, ಆದರೆ ಒಟ್ಟು ನೀರಿನ ಹಕ್ಕಿನಲ್ಲಿ ನೂರಕ್ಕೆ 80ರಷ್ಟು ಇರುವವರು ಸಹಿ ಹಾಕುವ ತನಕ ಕರಾರು ಜಾರಿಗೆ ಬರುವುದಿಲ್ಲ. ಯಾರೂ ಮೊದಲು ತ್ಯಾಗ ಮಾಡಬೇಕಾಗಿಲ್ಲ. ನಾನು ಸಹಿ ಹಾಕಿದರೂ ಉಳಿದವರು ಹಾಕದಿದ್ದರೆ ನನಗೆ ನಷ್ಟವಿಲ್ಲ. 1955ರಲ್ಲಿ ಅಷ್ಟು ಸಹಿ ಬಿದ್ದವು, ಕಡಿತ ಶುರುವಾಯಿತು. ಹಾಥಾರ್ನ್ ಎಂಬ ಪಟ್ಟಣ ಕೊನೆಯವರೆಗೂ ತಕರಾರು ಮಾಡಿತು. ಅದಕ್ಕೆ ಕಾಯದೆ ಮುಂದೆ ಹೋದರು. ಪಂಪ್ ಲೆಕ್ಕ ಇಡಲು ಯಾರ ಕಡೆಗೂ ಸೇರದ ಒಬ್ಬ ಅಧಿಕಾರಿ. ಅವನ ಕೆಲಸ ಪ್ರತಿ ವರ್ಷ ಯಾರು ಎಷ್ಟು ಎತ್ತಿದರು ಎಂದು ಅಚ್ಚು ಹಾಕಿ ಎಲ್ಲರಿಗೂ ಕೊಡುವುದು. ಹೊರಗಿನಿಂದ ಕೊಲರಾಡೊ ನದಿಯ ನೀರೂ ಬಂದಿದ್ದರಿಂದ ಕಡಿತ ಸುಲಭವಾಯಿತು, ಅದನ್ನು ಮುಚ್ಚಿಡುವುದು ಬೇಡ.

ಈ ಪ್ರಕರಣದ ಮೇಲೆ 1965ರಲ್ಲಿ ಪಿಎಚ್.ಡಿ. ಮಾಡಿದವರು ಎಲಿನಾರ್ ಓಸ್ಟ್ರಮ್. ಮುಂದೆ ಸ್ವಿಸ್ ಹುಲ್ಲುಗಾವಲು, ಜಪಾನಿನ ಊರ ಕಾಡು, ಸ್ಪೇನಿನ ನಾಲೆಗಳ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು, ಆ ವಿಭಾಗದಲ್ಲಿ ಮೊದಲ ಮಹಿಳೆ. ಬಹಳ ಕಾಲ ಉಳಿದ ಏರ್ಪಾಡುಗಳಲ್ಲಿ ಅವರು ಕಂಡದ್ದು ಹೀಗೆ. ಯಾರು ಒಳಗೆ, ಯಾರು ಹೊರಗೆ ಎಂಬುದು ಖಚಿತವಾಗಿರುತ್ತದೆ. ನಿಯಮ ಅಲ್ಲಿನ ನೆಲ, ಬೆಳೆಗೆ ಹೊಂದುತ್ತದೆ ಮತ್ತು ಪಾಲಿಸುವವರೇ ಅದನ್ನು ಮಾಡಿರುತ್ತಾರೆ. ಕಾವಲು ಇರುತ್ತದೆ. ದಂಡ ಸಣ್ಣದಾಗಿ ಶುರುವಾಗಿ ಏರುತ್ತದೆ. ಜಗಳ ಬಿಡಿಸಲು ಹತ್ತಿರದಲ್ಲೇ ಒಂದು ಜಾಗ ಇರುತ್ತದೆ. ಸರ್ಕಾರ ಇದಕ್ಕೆ ಅಡ್ಡ ಬರುವುದಿಲ್ಲ.

ಕೊನೆಯ ಮಾತಿನಲ್ಲೇ ನಮ್ಮ ಕಷ್ಟ ಇರುವುದು. ನಮ್ಮಲ್ಲಿ 2011ರ ಅಂತರ್ಜಲ ಕಾಯ್ದೆ ಇದೆ. ಅಧಿಸೂಚಿತ ತಾಲ್ಲೂಕುಗಳಲ್ಲಿ ಬೋರ್ ಕೊರೆಸಲು ಅನುಮತಿ ಬೇಕು. ರಾತ್ರಿ ರಿಗ್ ಗಾಡಿಯ ಸದ್ದು ಕೇಳಿದವರಿಗೆ ಅದರ ಬಲ ಎಷ್ಟು ಎಂದು ನಾನು ಹೇಳಬೇಕಾಗಿಲ್ಲ. ಕೆರೆ ಬಳಕೆದಾರರ ಸಂಘಗಳೂ ಬಂದವು. ಹೂಳು ತೆಗೆಯುವ ದುಡ್ಡು ಇರುವ ತನಕ ಬಹಳಷ್ಟು ಸಂಘಗಳು ಚುರುಕಾಗಿದ್ದವು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ ಎಂಬುದು ಮೊದಲ ಹಂತದ ಗುರಿಯಾಗಿತ್ತು. ಅದರ ಶುದ್ಧತೆಯ ಜಗಳ ಇಲ್ಲಿ ಬೇಡ. ಆ ನೀರಿನ ಉದ್ದೇಶ ಅಂತರ್ಜಲಕ್ಕೆ ಇಂಗುವುದು. ಕೆರೆ ಪಕ್ಕದ ಬೋರ್‌ಗಳಲ್ಲಿ ನೀರು ಏರಿದ ಕೂಡಲೇ ಹೊಸ ಬೋರ್ ಇಳಿಸಿದರೆ, ಬಂದ ನೀರೂ ಹಳೆಯ ಪೈಪೋಟಿಗೇ ಹೋಗುತ್ತದೆ.

ಹಾಗಾದರೆ ಬೋರ್ ನೀರಿನಲ್ಲಿ ಒಗ್ಗಟ್ಟು ನಮ್ಮ ಸುತ್ತ ಎಲ್ಲಾದರೂ ಆಗಿದೆಯೇ? ಆಗಿದೆ. ಮಹಾರಾಷ್ಟ್ರದ ಹಿವರೆ ಬಜಾರ್ ಹೆಸರನ್ನು ಕೇಳಿರುತ್ತೀರಿ. ಅಲ್ಲಿ ಬೇಸಾಯಕ್ಕೆ ಬೋರ್ ಇಲ್ಲ, ತೆರೆದ ಬಾವಿ ಮಾತ್ರ. ಕಬ್ಬು, ಬಾಳೆ ಇಲ್ಲ. ವರ್ಷ ವರ್ಷ ಮಳೆ ನೋಡಿ ನೀರಿನ ಲೆಕ್ಕ ಹಾಕಿ, ಗ್ರಾಮಸಭೆಯಲ್ಲಿ ಬೆಳೆ ತೀರ್ಮಾನ. ಒಳ್ಳೆಯ ಊರು, ಆದರೆ ಪೋಪಟರಾವ್ ಪವಾರ್ ಅವರಂಥ ಸರಪಂಚರು ಎಲ್ಲಾ ಊರಿಗೂ ಸಿಗುವುದಿಲ್ಲ. ನನಗೆ ಜಾಸ್ತಿ ನಂಬಿಕೆ ಇರುವುದು ನಿಮ್ಮ ಗಡಿಯಾಚೆಯ ಕೆಲಸದಲ್ಲಿ. ಆಗಿನ ಆಂಧ್ರಪ್ರದೇಶದ ಏಳು ಬರಪೀಡಿತ ಜಿಲ್ಲೆಗಳಲ್ಲಿ ರೈತರೇ ಅಂತರ್ಜಲ ಅಳೆಯುವ ಯೋಜನೆ ನಡೆಯಿತು, ಅನಂತಪುರ, ಚಿತ್ತೂರು ಸೇರಿ. ಮಳೆ ಮಾಪಕ ಓದಿದರು, ಬೋರ್ ಮಟ್ಟ ಅಳೆದರು, ಊರ ಗೋಡೆ ಮೇಲೆ ಬರೆದರು. ಹಿಂಗಾರಿಗೆ ಮುಂಚೆ ಕೂತು ಇಷ್ಟು ನೀರಿದೆ, ನಾವು ಹಾಕಬೇಕೆಂದಿರುವ ಬೆಳೆಗೆ ಇಷ್ಟು ಬೇಕು ಎಂದು ಲೆಕ್ಕ ಹಾಕಿದರು. ಇಂಥದ್ದೇ ಹಾಕಬೇಕೆಂದು ಯಾರೂ ಬಲವಂತ ಮಾಡಲಿಲ್ಲ. ಸಂಖ್ಯೆ ಕಣ್ಣೆದುರು ಇದ್ದಾಗ ಬಹಳ ಜನ ತಾವಾಗಿಯೇ ಭತ್ತ ಬಿಟ್ಟರು. ಅನಂತಪುರದ ಕೆಲವು ಊರುಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬೋರ್ ಇರುವವರು, ಇಲ್ಲದವರು ಸೇರಿ ಪೈಪ್ ಜೋಡಿಸಿಕೊಂಡರು. ಇಲ್ಲದವರ ಬೆಳೆ ಒಣಗುವ ಹೊತ್ತಿಗೆ ಒಂದೆರಡು ಸಲ ನೀರು ಸಿಗುತ್ತದೆ, ಅದಕ್ಕೆ ಬದಲಾಗಿ ಅವರು ಹೊಸ ಬೋರ್ ಕೊರೆಸುವುದಿಲ್ಲ. ಕೊಡುವವನಿಗೂ ಲಾಭ ಇದೆ. ಪಕ್ಕದಲ್ಲಿ ಹೊಸ ಬೋರ್ ಬಿದ್ದರೆ ಬತ್ತುವುದು ಅವನದೇ ತಾನೇ?

ಈಗ ನೀವೇನು ಮಾಡಬಹುದು ಎಂಬುದಕ್ಕೆ ಬರುತ್ತೇನೆ. ಇಡೀ ಊರನ್ನು ಒಪ್ಪಿಸಲು ಹೊರಡಬೇಡಿ. ಊರು ದೊಡ್ಡದು, ಹಳೆಯ ಜಗಳಗಳೆಲ್ಲ ಸಭೆಗೆ ಬರುತ್ತವೆ. ಒಳ್ಳೆಯದು ಮಾಡಲು ಹೊರಟವನ ಮೇಲೆಯೇ ಸಿಟ್ಟು ತೀರಿಸುವ ಗುಣ ಕೂಡ ಜನಕ್ಕಿದೆ. ಗೆಖ್ಟರ್ ತಂಡ ಈ ಬಿಲ್ಲೆ ಆಟವನ್ನು 16 ನಗರಗಳಲ್ಲಿ ಆಡಿಸಿದಾಗ ಅಥೆನ್ಸ್, ಮಸ್ಕತ್‌ನಂಥ ಕಡೆ ಹೆಚ್ಚು ಹಾಕಿದವರಿಗೇ ದಂಡ ಬೀಳುವುದು ಜಾಸ್ತಿ ಕಂಡಿತು. ನಿಮ್ಮನ್ನು ನೋಡಿ ನಕ್ಕದ್ದು ಅಷ್ಟೇನೂ ವಿಚಿತ್ರವಲ್ಲ. ನಿಮ್ಮ ಬೋರ್ ಓಡಿದಾಗ ಯಾರ ಬೋರ್ ಇಳಿಯುತ್ತದೆ, ಯಾರದು ಓಡಿದಾಗ ನಿಮ್ಮದು ಇಳಿಯುತ್ತದೆ? ಆರೋ ಎಂಟೋ ಮನೆ ಇರಬಹುದು. ನಿಮಗೆ ಬೇಕಾದ ಸಂಘ ಅದು. ಆ 1,300 ಅಡಿಯವರೂ ಅದರಲ್ಲಿ ಬರುತ್ತಾರೆ.

ಮೊದಲ ದಿನ ಬೆಳೆಯ ಮಾತೇ ಎತ್ತಬೇಡಿ. ಅಳತೆ ಶುರು ಮಾಡಿ. 200 ಲೀಟರ್ ಡ್ರಮ್, ಮೊಬೈಲಿನ ಸ್ಟಾಪ್‌ವಾಚ್ ಸಾಕು. ಡ್ರಮ್ ತುಂಬಲು 80 ಸೆಕೆಂಡ್ ಹಿಡಿದರೆ ನಿಮಿಷಕ್ಕೆ 150 ಲೀಟರ್, ಗಂಟೆಗೆ 9,000. ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಬಂದರೆ 63,000 ಲೀಟರ್. ಮೇಲೆ ಹೇಳಿದ ಒಂದು ಎಕರೆ ಭತ್ತಕ್ಕೆ ಅಂಥ ಬೋರ್ ಒಂದು ದಿನವೂ ಬಿಡದೆ 76 ದಿನ ಓಡಬೇಕು. ಈ ಲೆಕ್ಕವನ್ನು ಅವರವರ ಬೋರಿನ ಪಕ್ಕ ನಿಂತು ಅವರ ಕೈಯಿಂದಲೇ ಮಾಡಿಸಿ. ನೀರಿನ ಮಟ್ಟ ಅಳೆಯಲು ಮೋಟಾರ್ ಎತ್ತಿಟ್ಟಿರುವ ಒಂದು ಬೋರ್ ಆರಿಸಿಕೊಳ್ಳಿ, ಕೇಬಲ್‌ಗೆ ಸಿಕ್ಕಿಕೊಳ್ಳುವ ಭಯ ಇರುವುದಿಲ್ಲ. ಎರಡು ಎಳೆಯ ವೈರಿನ ತುದಿಗೆ ಭಾರ ಕಟ್ಟಿ, ಮೇಲೆ ಬ್ಯಾಟರಿ, ಬಜರ್ ಸಿಕ್ಕಿಸಿದರೆ ತುದಿ ನೀರು ಮುಟ್ಟಿದಾಗ ಸದ್ದು ಮಾಡುತ್ತದೆ. ಪಂಪ್ ಸೆಟ್ ರಿಪೇರಿ ಮಾಡುವವರು ಮಾಡಿಕೊಡುತ್ತಾರೆ. ತಿಂಗಳಿಗೊಮ್ಮೆ, ಅಕ್ಕಪಕ್ಕದ ಪಂಪ್‌ಗಳು ಇಡೀ ರಾತ್ರಿ ನಿಂತ ಮೇಲೆ ಬೆಳಿಗ್ಗೆ ಅಳೆದು ಡೇರಿ ಗೋಡೆ ಮೇಲೆ ಬರೆಯಿರಿ. ದಿನಕ್ಕೆರಡು ಸಲ ಊರೇ ಬರುವ ಜಾಗ ಅದು. ಅಳತೆ ಮುಗಿದ ಕೂಡಲೇ ಬೋರಿನ ಬಾಯಿಗೆ ಭದ್ರವಾದ ಮುಚ್ಚಳ ಹಾಕಿ. ಮಕ್ಕಳು ಬಿದ್ದ ಸುದ್ದಿ ಕೇಳಿದ್ದು ಸಾಕು.

ಒಂದು ಮಳೆಗಾಲ, ಒಂದು ಬೇಸಿಗೆ ಈ ಅಂಕಿ ಕಣ್ಣಿಗೆ ಬೀಳಲಿ. ಆಮೇಲೆ ಕಾಗದದ ಮಾತು. ಎಂಟು ಮನೆಯಲ್ಲಿ ಆರು ಸಹಿ ಬಿದ್ದರೆ ಜಾರಿ, ಅಲ್ಲಿಯವರೆಗೆ ಯಾರೂ ಏನೂ ಬಿಡಬೇಕಾಗಿಲ್ಲ ಎಂದು ಅದರಲ್ಲೇ ಬರೆಯಿರಿ. ವಿಷಯ ಎರಡೇ ಇರಲಿ: ಐದು ವರ್ಷ ಹೊಸ ಬೋರ್ ಇಲ್ಲ, ಬೇಸಿಗೆಯಲ್ಲಿ ಬೋರ್ ನೀರಿನ ಭತ್ತ ಇಲ್ಲ. ಟೊಮೇಟೊ ಎಷ್ಟು, ಹಿಪ್ಪುನೇರಳೆ ಎಷ್ಟು, ಡ್ರಿಪ್ ಯಾರಿಗೆ ಎಂಬುದನ್ನು ವರ್ಷ ವರ್ಷ ನೀರು ನೋಡಿ ಕೂತು ಮಾತಾಡಿದರಾಯಿತು. ತಪ್ಪಿದವರಿಗೆ ಮೊದಲ ಸಲ ಮನೆಗೆ ಹೋಗಿ ಹೇಳುವುದು, ಎರಡನೇ ಸಲ ಸಭೆಯಲ್ಲಿ ಕೇಳುವುದು, ಮೂರನೇ ಸಲ ಸಣ್ಣ ದಂಡ. ಮೊದಲ ತಪ್ಪಿಗೇ ದೊಡ್ಡ ದಂಡ ಇಟ್ಟರೆ ಯಾರೂ ಹಾಕುವುದಿಲ್ಲ, ನಿಯಮ ಅಲ್ಲಿಗೇ ಸತ್ತಂತೆ. ಬೋರ್ ಇಲ್ಲದ ಮನೆಯವರನ್ನು ಮರೆಯಬೇಡಿ. ನಾಳೆ ಸಾಲ ಮಾಡಿ ಕೊರೆಸುವವರು ಅವರೇ. ಅವರ ರಾಗಿಗೋ ಅವರೆಗೋ ಒಂದೆರಡು ಸಲ ನೀರು ಕೊಡಲು ಆಗುತ್ತದೆಯೇ ನೋಡಿ.

1,300 ಅಡಿಯವರು ಸಹಿ ಹಾಕದೆ ಇರಬಹುದು. ಅವರನ್ನು ಬೈಯಬೇಡಿ. ಅವರ ತಲೆ ಮೇಲೆ ಬೋರಿನ ಸಾಲ ಇದೆ, ಅದನ್ನು ತೀರಿಸಲು ನೀರು ಎತ್ತಲೇಬೇಕು ಎಂದು ಕೂತಿರುತ್ತಾರೆ. ಕಾಗದದಲ್ಲಿ ಅವರ ಹೆಸರಿಗೆ ಜಾಗ ಬಿಟ್ಟು ಮುಂದೆ ಹೋಗಿ. ಆರು ಮನೆ ಸೇರದೇ ಹೋದರೆ? ಆಗ ನೀವೊಬ್ಬರೇ ಊರಿಗಾಗಿ ನೀರು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಡ್ರಿಪ್, ಮಲ್ಚಿಂಗ್ (ಗಿಡದ ಬುಡಕ್ಕೆ ಹೊದಿಕೆ), ಕೃಷಿ ಹೊಂಡ, ಬತ್ತಿದ ಬೋರಿನ ಸುತ್ತ ಜಲ್ಲಿ-ಮರಳಿನ ಇಂಗುಗುಂಡಿ, ಇವೆಲ್ಲ ಪಕ್ಕದವರು ಏನು ಮಾಡಿದರೂ ನಿಮಗೆ ಲಾಭವೇ. 1,400 ಅಡಿಯ ಬೋರ್ ಹಾಗಲ್ಲ.

ಸಭೆ ಯಾವಾಗ ಎಂಬುದು ಕೂಡ ಮುಖ್ಯ. ಅಕ್ಟೋಬರ್ ಕೊನೆಯಲ್ಲಿ ಸೇರಿ. ಮುಂಗಾರು ಮುಗಿದು, ಆ ವರ್ಷ ಎಷ್ಟು ನೀರು ಇಂಗಿದೆ ಎಂಬ ಅಂಕಿ ಗೋಡೆ ಮೇಲೆ ಇರುತ್ತದೆ, ಬೇಸಿಗೆ ಬೆಳೆಯ ತೀರ್ಮಾನ ಇನ್ನೂ ಆಗಿರುವುದಿಲ್ಲ. ಸಸಿಗೆ ನರ್ಸರಿಯವರ ಕೈಗೆ ಅಡ್ವಾನ್ಸ್ ಕೊಟ್ಟ ಮೇಲೆ ಯಾರೂ ಮಾತು ಕೇಳುವುದಿಲ್ಲ.